ಹಿಂಡಿಯಿಂದ ಬಂದ ಬಾಡು

ಕನ್ನಡದಲ್ಲಿ ಹುಸಿಮಾಂಸದ ದೊಡ್ಡ ಕಥೆ ಅಂದರೆ ಜನ್ನನ ‘ಯಶೋಧರ ಚರಿತೆ’. ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ 1209ರಲ್ಲಿ ಬರೆದದ್ದು. ಕೆಟ್ಟ ಕನಸಿನ ದೋಷ ಕಳೆಯಲು ದೇವಿಗೆ ಬಲಿ ಕೊಡು ಎಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ. ಜೀವ ತೆಗೆಯಲು ಒಲ್ಲೆ ಎಂದು ಮಗ ಯಶೋಧರ ಪಟ್ಟು ಹಿಡಿಯುತ್ತಾನೆ. ಕೊನೆಗೆ ಇಬ್ಬರೂ ರಾಜಿಯಾಗುವುದು ಹಿಟ್ಟಿನ ಹುಂಜಕ್ಕೆ. ಕತ್ತಿ ತಗುಲಿದ ಕೂಡಲೇ ಆ ಹಿಟ್ಟಿನ ಹುಂಜ ಕೂಗಿಬಿಡುತ್ತದೆ. ಅಲ್ಲಿಂದ ಮುಂದೆ ತಾಯಿಗೂ ಮಗನಿಗೂ ನವಿಲು, ನಾಯಿ, ಮೀನು, ಕೋಳಿ ಎಂದು ಜನ್ಮದ ಮೇಲೆ ಜನ್ಮ ಸುತ್ತುವ ಪಾಡು. ಕೊಂದದ್ದು ಹಿಟ್ಟನ್ನಾದರೂ ಕೊಲ್ಲುವ ಸಂಕಲ್ಪ ಮಾಡಿದ್ದು ನಿಜವಲ್ಲವೇ ಎಂಬುದು ಜೈನಕವಿಯ ತೀರ್ಪು.

ಇದೇ ನೆಲದಲ್ಲಿ ಇದಕ್ಕೆ ತದ್ವಿರುದ್ಧವಾದ ತೀರ್ಪೂ ಇತ್ತು. ಯಜ್ಞಕ್ಕೆ ಜೀವಂತ ಪಶು ಬೇಡ, ಹಿಟ್ಟಿನಿಂದ ಮಾಡಿದ ಪಿಷ್ಟಪಶು ಸಾಕು ಎಂದು ಮಾಧ್ವರು ಒಪ್ಪಿಕೊಂಡರು. ಆಯುಧಪೂಜೆಯ ದಿನ ಲಾರಿಯ ಮುಂದೆ ಕುಂಕುಮ ತುಂಬಿದ ಬೂದುಗುಂಬಳಕಾಯಿ ಒಡೆಯುವವರೂ ಒಂದು ರೀತಿಯಲ್ಲಿ ಈ ಪಕ್ಷದವರೇ.

ನಾನು ಮೈಸೂರಿನಲ್ಲಿ ಗೃಹವಿಜ್ಞಾನ ಓದಿ, ಅದನ್ನೇ ಪಾಠ ಮಾಡಿ, ಜೊತೆಗೆ ಹೆಣ್ಣುಮಕ್ಕಳ ಹಾಸ್ಟೆಲಿನ ಮೆಸ್ಸಿನ ಲೆಕ್ಕ ನೋಡಿಕೊಂಡು ನಿವೃತ್ತಳಾದವಳು. ಎಂಬತ್ತರ ದಶಕದಲ್ಲಿ ಸೋಯಾ ಉಂಡೆ ನಮ್ಮ ಮೆಸ್ಸಿಗೆ ಬಂತು. ಅಂಗಡಿಯ ಚೀಟಿಯಲ್ಲಿ ನಾವು ಬರೆಯುತ್ತಿದ್ದದ್ದು ‘ಮೀಲ್ ಮೇಕರ್’ ಎಂದು. ಬಂದ ವಾರದಲ್ಲೇ ಜನ್ನನ ಜಗಳ ನಮ್ಮ ಅಡುಗೆಮನೆಯಲ್ಲೂ ಶುರುವಾಯಿತು. ಸಸ್ಯಾಹಾರಿ ಹುಡುಗಿಯರು, “ಮೇಡಂ, ನೋಡೋಕೇ ಮಟನ್ ಥರ ಇದೆ, ನಮಗೆ ಬೇಡ” ಎಂದು ತಟ್ಟೆ ಸರಿಸಿದರು. ಬಾಡು ತಿನ್ನುವ ಮನೆಯ ಹುಡುಗಿಯರು, “ಇದು ಎಲ್ಲಿಂದ ಮೇಡಂ ಮಟನ್ ಥರ?” ಎಂದು ಸರಿಸಿದರು. ಎರಡು ಪಂಗಡಕ್ಕೂ ಬೇಡವಾದ ಪದಾರ್ಥವನ್ನು ಪಲಾವಿನಲ್ಲಿ ಹೂತು ಖರ್ಚು ಮಾಡುವ ಹೊಣೆ ನನ್ನ ಮತ್ತು ಅಡುಗೆಯಮ್ಮನ ಮೇಲೆ ಬಿತ್ತು.

ಈಗ ಜಗಳದ ಧಾಟಿ ಬದಲಾಗಿದೆ. ಇಂಥ ಹುಸಿಮಾಂಸ ಆರೋಗ್ಯಕ್ಕೆ ಒಳ್ಳೆಯದೋ ಕೆಟ್ಟದ್ದೋ, ಭೂಮಿಗೆ ಹಗುರವೋ, ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿನಿಸೋ ಎಂದು ಕೇಳುತ್ತಾರೆ. ಕೇಳುವವರಲ್ಲಿ ಬಹುಪಾಲು ಮಂದಿ ಇದೆಲ್ಲ ಮೊನ್ನೆ ಮೊನ್ನೆ ಅಮೆರಿಕದ ಬರ್ಗರ್ ಜೊತೆ ಬಂದದ್ದು ಎಂದುಕೊಂಡಿದ್ದಾರೆ. ಇದರ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ಮೈಸೂರಿನ ಅರಮನೆಯೊಂದರಲ್ಲಿ. ಅದಕ್ಕೆ ಬರುತ್ತೇನೆ, ಮೊದಲು ಸ್ವಲ್ಪ ಸುತ್ತು ಹೊಡೆದು.

ಚೀನಾದಲ್ಲಿ ಬೌದ್ಧನಾಗಿದ್ದ ಲಿಯಾಂಗ್ ವಂಶದ ಚಕ್ರವರ್ತಿ ವೂ, 6ನೆಯ ಶತಮಾನದಲ್ಲಿ ಪಿತೃಪೂಜೆಯ ಬಲಿಗೆ ಪ್ರಾಣಿಯ ಬದಲು ಹಿಟ್ಟಿನ ಬೊಂಬೆ ಇಡಲು ಆಜ್ಞೆ ಮಾಡಿದ. ಜನ್ನನಿಗಿಂತ ಏಳುನೂರು ವರ್ಷ ಹಿಂದಿನ ಮಾತು. ಆದರೆ ಅಲ್ಲಿಯ ಕಥೆಗಳಲ್ಲಿ ನನಗೆ ಇಷ್ಟವಾದದ್ದು ಒಬ್ಬ ಸಣ್ಣ ಅಧಿಕಾರಿಯದು. 10ನೆಯ ಶತಮಾನದಲ್ಲಿ ತಾವೋ ಗೂ ಎಂಬಾತ ಬರೆದಿಟ್ಟ ಟಿಪ್ಪಣಿ ಅದು. ಚಿಂಗ್‌ಯಾಂಗ್ ಎಂಬ ಊರಿನ ಉಪಾಧಿಕಾರಿ ಶಿ ಜಿ ಕೈ ಶುದ್ಧವಿದ್ದ ಮನುಷ್ಯ. ಲಂಚ ಮುಟ್ಟದ ಕಾರಣ ಮಾಂಸ ಕೊಳ್ಳಲು ಕಾಸಿರಲಿಲ್ಲ. ದಿನಾ ಸಂತೆಯಿಂದ ನಾಲ್ಕಾರು ತುಂಡು ತೋಫು ತರುತ್ತಿದ್ದ. ಊರವರು ತೋಫುವಿಗೆ ‘ಉಪಾಧಿಕಾರಿಯ ಕುರಿಮಾಂಸ’ ಎಂದೇ ಹೆಸರಿಟ್ಟರು. ತೋಫುವಿನ ಹೆಸರು ಬರಹದಲ್ಲಿ ಸಿಗುವ ಅತ್ಯಂತ ಹಳೆಯ ಜಾಗಗಳಲ್ಲಿ ಇದೂ ಒಂದು. ಮಾಂಸದ ಬದಲಿಗೆ ಇನ್ನೊಂದನ್ನು ತಿನ್ನಲು ಎರಡು ಕಾರಣ ಆಗಲೇ ಇದ್ದವು: ಒಂದು ಧರ್ಮ, ಇನ್ನೊಂದು ಜೇಬು. ನಮ್ಮ ದೇಶದಲ್ಲಿ ಧರ್ಮದ ಕಾರಣದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾನು ಜೇಬಿನ ದಾರಿ ಹಿಡಿಯುತ್ತೇನೆ.

ನಮ್ಮವ್ವನ ಅಡುಗೆಮನೆಯಲ್ಲಿ ನಕಲಿ ಮಾಂಸ ಎಂಬುದು ಇರಲಿಲ್ಲ. ನಮ್ಮದು ಮಂಡ್ಯ ಸೀಮೆ. ಶ್ರಾವಣ ಮಾಸದಲ್ಲಿ, ಶನಿವಾರಗಳಲ್ಲಿ ಬಾಡು ಒಳಗೆ ಬರುತ್ತಿರಲಿಲ್ಲ. ಆಗ ಬಾಡಿನ ಸಾರಿಗೆ ಅರೆಯುವ ಮಸಾಲೆಯನ್ನೇ — ಧನಿಯ, ಚಕ್ಕೆ, ಲವಂಗ, ಗಸಗಸೆ, ಹುರಿದ ಈರುಳ್ಳಿ, ತೆಂಗಿನಕಾಯಿ — ಅರೆದು ಎಳೆ ಹಲಸಿನಕಾಯಿಗೋ, ಮಳೆ ಬಿದ್ದ ಮೇಲೆ ಎದ್ದ ಅಣಬೆಗೋ, ಹಿತಕಿದ ಅವರೆಬೇಳೆಗೋ ಹಾಕುತ್ತಿದ್ದಳು. ಅದನ್ನು ಯಾರೂ ಹುಸಿ ಬಾಡು ಎನ್ನಲಿಲ್ಲ. ಹಲಸಿನಕಾಯಿ ಸಾರು ಹಲಸಿನಕಾಯಿ ಸಾರೇ. 16ನೆಯ ಶತಮಾನದ ಮೂರನೆಯ ಮಂಗರಸ ತನ್ನ ‘ಸೂಪಶಾಸ್ತ್ರ’ದಲ್ಲಿ ಬದನೆ, ಬಾಳೆ, ಹಲಸು, ಕಳಲೆ ಇವುಗಳ ಅಡುಗೆಯನ್ನೇ ಅಧ್ಯಾಯಗಟ್ಟಲೆ ಹೇಳಿದವನು. ಅಂದಮೇಲೆ ಮಾಂಸವಿಲ್ಲದ ಊಟವನ್ನು ರುಚಿ ಮಾಡುವುದು ಕನ್ನಡದ ಅಡುಗೆಮನೆಗೆ ಹೊಸ ವಿದ್ಯೆಯಲ್ಲ. ಹೊಸದಾಗಿ ಬಂದದ್ದು ‘ಪ್ರೊಟೀನ್’ ಎಂಬ ಲೆಕ್ಕ.

ಆ ಲೆಕ್ಕದ ಮೇಲೆ ಮಾಂಸದ ಬದಲಿಯನ್ನು ಡಬ್ಬಿಯಲ್ಲಿ ತುಂಬಿ ಮಾರಿದವರಲ್ಲಿ ಮುಂಚೂಣಿಯ ಹೆಸರು ಅಮೆರಿಕದ ಡಾಕ್ಟರ್ ಜಾನ್ ಹಾರ್ವೆ ಕೆಲಾಗ್. ಕಾರ್ನ್‌ಫ್ಲೇಕ್ಸ್ ಕೆಲಾಗ್ ಅವರೇ. ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಎಂಬಲ್ಲಿ ಅವರ ಆರೋಗ್ಯಧಾಮವಿತ್ತು. ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ಪ್ರಭಾವದಿಂದ ಅಲ್ಲಿ ಮಾಂಸ ವರ್ಜ್ಯ. 1890ರ ದಶಕದಲ್ಲಿ ಅವರು ‘ನಟ್ಟೋಸ್’, ‘ಪ್ರೊಟೋಸ್’ ಎಂಬ ಪದಾರ್ಥ ಮಾಡಿದರು. ಪ್ರೊಟೋಸ್‌ನಲ್ಲಿ ಇದ್ದದ್ದು ಮುಖ್ಯವಾಗಿ ಕಡಲೆಕಾಯಿ ಮತ್ತು ಗೋಧಿಯ ಅಂಟು. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಹಸಿದಾಗ ಕಲೋನ್ ನಗರದ ಮೇಯರ್ ಕೊನ್ರಾಡ್ ಅಡೆನಾವರ್ ಸೋಯಾ ಸೇರಿಸಿದ ಸಾಸೇಜ್ ಮಾಡಿಸಿದ್ದರು. ಅದರ ಹೆಸರು ‘ಶಾಂತಿ ಸಾಸೇಜ್’. ಮುಂದೆ ಪಶ್ಚಿಮ ಜರ್ಮನಿಯ ಚಾನ್ಸಲರ್ ಆದವರೂ ಇವರೇ.

ಇನ್ನು ಮೈಸೂರು. ಹುಣಸೂರು ರಸ್ತೆ ಕಡೆಯಿಂದ ಬರುವಾಗ ಸಿಗುವ ಚೆಲುವಾಂಬ ವಿಲಾಸ ರಾಜಕುಮಾರಿ ಚೆಲುವಾಜಮ್ಮಣ್ಣಿಯವರ ಅರಮನೆ. 1950ರ ಅಕ್ಟೋಬರ್ 21ರಂದು ಅಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಶುರುವಾಯಿತು. ಮೈಸೂರಿಗರ ಬಾಯಲ್ಲಿ ಸಿಎಫ್‌ಟಿಆರ್‌ಐ. ಮೊದಲ ನಿರ್ದೇಶಕರು ವಿ. ಸುಬ್ರಹ್ಮಣ್ಯನ್. ಅದಕ್ಕೆ ಮುಂಚೆ ಅವರು ಟಾಟಾ ಇನ್ಸ್‌ಟಿಟ್ಯೂಟ್ ಎಂದೇ ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರ ವಿಭಾಗ ನಡೆಸುತ್ತಿದ್ದವರು. ಸೋಯಾ ಹಾಲಿನ ಮೇಲೆ ಅಲ್ಲಿ ನಲವತ್ತರ ದಶಕದಲ್ಲೇ ಕೆಲಸ ನಡೆದಿತ್ತು.

ಆ ಕಾಲವನ್ನು ನೆನೆಸಿಕೊಳ್ಳಿ. 1943ರ ಬಂಗಾಳದ ಬರಗಾಲದ ಹೆಣಗಳು ಇನ್ನೂ ಜನರ ಕಣ್ಣಲ್ಲಿದ್ದವು. ರೇಷನ್ ಚೀಟಿ, ಅಕ್ಕಿಗೆ ಸಾಲು. ಆಗ ಅರಮನೆಯಲ್ಲಿ ಕುಳಿತವರು ಮಾಡಿದ ಮೊದಮೊದಲ ಕೆಲಸಗಳಲ್ಲಿ ಒಂದು ಮರಗೆಣಸಿನ ಹಿಟ್ಟಿಗೆ ಕಡಲೆಕಾಯಿ ಹಿಟ್ಟು ಬೆರೆಸುವುದು. ಮುಕ್ಕಾಲು ಪಾಲು ಮರಗೆಣಸು, ಕಾಲು ಪಾಲು ಕಡಲೆಕಾಯಿ. ಈ ಮಿಶ್ರಣಕ್ಕೆ ‘ಮೈಸೂರು ಹಿಟ್ಟು’ ಎಂದೇ ಹೆಸರು. ಮರಗೆಣಸು, ಕಡಲೆಕಾಯಿಗಳಿಂದ ಅಕ್ಕಿಕಾಳಿನ ಆಕಾರದ ಕೃತಕ ಅಕ್ಕಿಯನ್ನೂ ಮಾಡಿದರು. ಅನ್ನ ತಿನ್ನುವ ಜನಕ್ಕೆ ಬೇರೆ ಏನು ಕೊಟ್ಟರೂ ಅದು ಅನ್ನದಂತೆ ಕಾಣಬೇಕು ಎಂಬ ಹಟವನ್ನು ಅವರು ಅರ್ಥ ಮಾಡಿಕೊಂಡಿದ್ದರು.

ಆಮೇಲೆ ಬಂದದ್ದು ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’, ಎಲ್ಲಕ್ಕೂ ಸಲ್ಲುವ ಆಹಾರ. ಇದರ ಮೂಲ ಕ್ಯಾಲಿಫೋರ್ನಿಯಾದಲ್ಲಿದೆ. ಲಾಸ್ ಏಂಜಲಿಸ್‌ನ ಹೋಟೆಲಿಗ ಕ್ಲಿಫರ್ಡ್ ಕ್ಲಿಂಟನ್, ಕಡಿಮೆ ಖರ್ಚಿನಲ್ಲಿ ಒಬ್ಬ ಮನುಷ್ಯನ ಹೊಟ್ಟೆಗೆ ಬೇಕಾದ ಪೋಷಣೆ ಕೊಡುವ ಪುಡಿ ಮಾಡಿಕೊಡಿ ಎಂದು ಕ್ಯಾಲ್‌ಟೆಕ್‌ನ ವಿಜ್ಞಾನಿ ಹೆನ್ರಿ ಬೋರ್ಸುಕ್ ಅವರನ್ನು ಕೇಳಿದರು. ಅವರು ಸೋಯಾದಿಂದ ಮಾಡಿಕೊಟ್ಟರು. ಅದನ್ನು ಹಂಚಲು ‘ಮೀಲ್ಸ್ ಫಾರ್ ಮಿಲಿಯನ್ಸ್’ ಎಂಬ ಸಂಸ್ಥೆ 1946ರಲ್ಲಿ ಹುಟ್ಟಿತು. ಭಾರತದಲ್ಲಿ ಆಗ ಸೋಯಾ ಎಲ್ಲಿತ್ತು? ನಮ್ಮಲ್ಲಿ ಧಾರಾಳವಾಗಿದ್ದದ್ದು ಕಡಲೆಕಾಯಿ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಅರ್ಧದಷ್ಟು ಪ್ರೊಟೀನ್. ಅದನ್ನು ತಿನ್ನುತ್ತಿದ್ದದ್ದು ಎಮ್ಮೆ, ಎತ್ತು. ಮೈಸೂರಿನವರು ಶುಚಿಯಾಗಿ ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು 75 ಪಾಲು, ಹುರಿಗಡಲೆ ಹಿಟ್ಟು 25 ಪಾಲು ಬೆರೆಸಿ, ಜೀವಸತ್ವ ಮತ್ತು ಲವಣಗಳನ್ನು ಸೇರಿಸಿದರು. ನೂರು ಗ್ರಾಂಗೆ 40 ಗ್ರಾಂಗಿಂತ ಹೆಚ್ಚು ಪ್ರೊಟೀನ್ ಬಂತು. ಬೋರ್ಡಿಂಗ್ ಹೋಮಿನ ಮಕ್ಕಳಿಗೆ ತಿನ್ನಿಸಿ, ಎತ್ತರ ತೂಕ ಅಳೆದು, ಲಾಭವಿದೆ ಎಂದು ಬರೆದರು.

ಬರೆದದ್ದು ಒಳ್ಳೆಯದೇ. ತಿನ್ನುವವರು ಬೇಕಲ್ಲ? ನಮ್ಮ ಕಡೆಯ ಹೆಂಗಸಿಗೆ ಇದು ಹಿಂಡಿ ಎಂದು ಗೊತ್ತಾದರೆ ಸಾಕು, ಮಕ್ಕಳ ಬಾಯಿಗೆ ಇಡುವುದಿಲ್ಲ. “ದನಕ್ಕೆ ಹಾಕೋದನ್ನ ಮಗಿಗೆ ಹಾಕ್ತಾರಾ?” ಎಂದು ನನ್ನ ಅತ್ತೆಯೇ ಕೇಳಿದ್ದರು, ನಾನು ಕಾಲೇಜಿನಿಂದ ತಂದ ಪುಡಿಯ ಪೊಟ್ಟಣ ನೋಡಿ. ಬಡವರಿಗೆಂದು ಮಾಡಿದ ಪದಾರ್ಥಕ್ಕೆ ‘ಬಡವರದ್ದು’ ಎಂಬ ಮುದ್ರೆ ಬಿದ್ದರೆ ಬಡವರೇ ಅದನ್ನು ಮುಟ್ಟುವುದಿಲ್ಲ. ಇದನ್ನು ನಾನು ಮೆಸ್ಸಿನಲ್ಲೂ ಕಂಡಿದ್ದೇನೆ.

ಇನ್ನೊಂದು ಪೆಟ್ಟು ಇಂಗ್ಲೆಂಡಿನಿಂದ ಬಂತು. 1960ರಲ್ಲಿ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದರೆ ಅವುಗಳಿಗೆ ಹಾಕಿದ್ದ ಬ್ರೆಜಿಲ್ಲಿನ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು. ಆ ಬೂಷ್ಟಿನ ವಿಷವೇ ಅಫ್ಲಾಟಾಕ್ಸಿನ್. ಮಳೆಗೆ ನೆಂದ ಕಡಲೆಕಾಯಿಯನ್ನು ಸರಿಯಾಗಿ ಒಣಗಿಸದಿದ್ದರೆ ಎಲ್ಲಿ ಬೇಕಾದರೂ ಬರುವಂಥದ್ದು. ಜಗತ್ತಿನ ಎಲ್ಲ ಕಡೆ ಕಡಲೆಕಾಯಿ ಪ್ರೊಟೀನ್ ಯೋಜನೆಗಳ ಮೇಲೆ ಅನುಮಾನದ ಮೋಡ ಕವಿಯಿತು. ಆದರೂ ಮೈಸೂರಿನವರು ಕೈಬಿಡಲಿಲ್ಲ. ಕಡಲೆಕಾಯಿಯ ಪ್ರೊಟೀನನ್ನೇ ಬೇರ್ಪಡಿಸಿ ಹಾಲಿಗೆ ಬೆರೆಸಿ ‘ಮಿಲ್ಟೋನ್’ ಎಂಬ ಪಾನೀಯ ಮಾಡಿದರು. ಹೆಸರುವಾಸಿಯಾಗಿ ಉಳಿದದ್ದು ಮಾತ್ರ ಅವರು ಎಮ್ಮೆ ಹಾಲಿನಿಂದ ಮಾಡಿಕೊಟ್ಟ ಮಗುವಿನ ಹಾಲಿನ ಪುಡಿ, ಅಮೂಲ್ ಡಬ್ಬಿಯಲ್ಲಿ ಬಂದದ್ದು. ಹಸುವಿನ ಹಾಲಿಗೆ ಎಮ್ಮೆಯ ಹಾಲು ಬದಲಿಯಾದಾಗ ಯಾರಿಗೂ ಅಡ್ಡಿಯಾಗಲಿಲ್ಲ ನೋಡಿ.

ಇಷ್ಟು ಹೊತ್ತಿಗೆ ಲೆಕ್ಕವೇ ತಿರುವುಮುರುವಾಯಿತು. ಐವತ್ತು ಅರವತ್ತರ ದಶಕದಲ್ಲಿ ವಿಶ್ವಸಂಸ್ಥೆಯಿಂದ ಹಿಡಿದು ನಮ್ಮ ಪಠ್ಯಪುಸ್ತಕದವರೆಗೆ ಎಲ್ಲರೂ ಹೇಳುತ್ತಿದ್ದದ್ದು ಬಡದೇಶಗಳ ಮಕ್ಕಳಿಗೆ ಪ್ರೊಟೀನ್ ಕೊರತೆ ಎಂದು. ನಾನೂ ಅದನ್ನೇ ಉರು ಹೊಡೆದು ಪರೀಕ್ಷೆ ಬರೆದವಳು. ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಿ. ಗೋಪಾಲನ್ ಮುಂತಾದವರು ತಗಾದೆ ತೆಗೆದರು. ಮಗುವಿಗೆ ಹೊಟ್ಟೆ ತುಂಬ ಊಟವೇ ಸಿಗುತ್ತಿಲ್ಲ. ಸಿಕ್ಕ ಚೂರು ಪ್ರೊಟೀನನ್ನೂ ದೇಹ ಸೌದೆಯಾಗಿ ಉರಿಸಿಬಿಡುತ್ತದೆ. ರಾಗಿಯೋ ಅಕ್ಕಿಯೋ ಬೇಳೆಯ ಜೊತೆ ಸಾಕಷ್ಟು ಸಿಕ್ಕರೆ ಪ್ರೊಟೀನ್ ತಾನಾಗಿ ಬರುತ್ತದೆ ಎಂಬುದು ಅವರ ವಾದ. 1974ರಲ್ಲಿ ಡೊನಾಲ್ಡ್ ಮೆಕ್ಲಾರೆನ್ ಎಂಬ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆ ಇಡೀ ಪ್ರೊಟೀನ್ ಅಭಿಯಾನವನ್ನು ಮಹಾ ಎಡವಟ್ಟು ಎಂದೇ ಕರೆದರು. ಪುಡಿಯ ಬದಲು ಊಟ ಕೊಡಿ ಎಂಬುದು ಅದರ ತಿರುಳು. ಇವತ್ತು ಜಿಮ್ಮಿಗೆ ಹೋಗುವ ಹುಡುಗರು ಪ್ರೊಟೀನ್ ಪುಡಿಯ ಡಬ್ಬ ಹಿಡಿದು ಓಡಾಡುವುದನ್ನು ಕಂಡಾಗ ನನಗೆ ಆ ಜಗಳ ನೆನಪಾಗುತ್ತದೆ.

ಕಡಲೆಕಾಯಿ ಹಿಂದೆ ಸರಿದ ಜಾಗಕ್ಕೆ ಸೋಯಾ ಬಂತು. ಗಾಂಧೀಜಿ 1935ರಲ್ಲೇ ವಾರ್ಧಾದ ಮಗನ್‌ವಾಡಿಯಲ್ಲಿ ಸೋಯಾ ಬೇಯಿಸಿ ತಿಂದು ನೋಡಿ ‘ಹರಿಜನ’ದಲ್ಲಿ ಬರೆದಿದ್ದರು. 1937ರಲ್ಲಿ ಕೂನೂರಿನ ಪ್ರಯೋಗಾಲಯದಲ್ಲಿ ಎಕ್ರಾಯ್ಡ್ ಮತ್ತು ಕೃಷ್ಣನ್ ಎಂಬ ವಿಜ್ಞಾನಿಗಳು ಮಕ್ಕಳಿಗೆ ಕೆನೆ ತೆಗೆದ ಹಾಲನ್ನೂ ಸೋಯಾವನ್ನೂ ಕೊಟ್ಟು ನೋಡಿದರು. ಹಾಲು ಕುಡಿದವರು ಬೆಳೆದರು, ಸೋಯಾದಿಂದ ಅಂಥ ಫಲ ಕಾಣಲಿಲ್ಲ. ಸೋಯಾ ನಮ್ಮ ಹೊಲಕ್ಕೆ ನಿಜವಾಗಿ ಇಳಿದದ್ದು ಅರವತ್ತರ ದಶಕದ ಕೊನೆಗೆ. ಇಲಿನಾಯ್ ವಿಶ್ವವಿದ್ಯಾನಿಲಯದ ನೆರವಿನಿಂದ ಜಬಲ್‌ಪುರ, ಪಂತನಗರಗಳ ಕೃಷಿ ವಿಶ್ವವಿದ್ಯಾನಿಲಯಗಳು ಅಮೆರಿಕದ ತಳಿಗಳನ್ನು ಬೆಳೆಸಿ ತೋರಿಸಿದವು. ಮಧ್ಯಪ್ರದೇಶ ಸೋಯಾ ರಾಜ್ಯವಾಯಿತು. ನಮ್ಮಲ್ಲಿ ಬೀದರ್, ಬೆಳಗಾವಿ, ಧಾರವಾಡದ ಕಡೆ ಬೆಳೆಯುತ್ತಾರೆ. ರೈತ ಬೆಳೆದದ್ದು ಯಾರ ಪ್ರೊಟೀನ್ ಕೊರತೆ ನೀಗಿಸಲೂ ಅಲ್ಲ, ಎಣ್ಣೆಗಿರಣಿ ದುಡ್ಡು ಕೊಡುತ್ತದೆ ಎಂದು. ಸೋಯಾದಲ್ಲಿ ಎಣ್ಣೆ ನೂರಕ್ಕೆ ಇಪ್ಪತ್ತು ಪಾಲು ಮಾತ್ರ. ಉಳಿದ ಎಂಬತ್ತರಲ್ಲಿ ಹೆಚ್ಚಿನದು ಹಿಂಡಿ. ಆ ಹಿಂಡಿ ಹಡಗು ಹತ್ತಿತು, ಕೋಳಿ ಫಾರಮ್ಮಿಗೆ ಹೋಯಿತು. ಒಂದು ಸಣ್ಣ ಪಾಲು ನಮ್ಮ ಮೆಸ್ಸಿನ ಚೀಟಿಗೆ ಬಂತು.

ಹಿಂಡಿಯನ್ನು ಬಾಡಿನಂತೆ ಅಗಿಯುವ ಹಾಗೆ ಮಾಡುವ ಯಂತ್ರವಿದ್ಯೆ ಅಮೆರಿಕದ್ದು. ಹೆನ್ರಿ ಫೋರ್ಡ್ ಬಳಿ ಇದ್ದ ರಾಬರ್ಟ್ ಬೋಯರ್ ಎಂಬ ರಸಾಯನಶಾಸ್ತ್ರಜ್ಞ, ರೇಯಾನ್ ದಾರ ತೆಗೆಯುವ ವಿಧಾನದಲ್ಲೇ ಸೋಯಾ ಪ್ರೊಟೀನಿನ ಎಳೆ ತೆಗೆದು ಅದನ್ನು ಮಾಂಸದ ನಾರಿನ ಹಾಗೆ ಜೋಡಿಸಿದ. 1954ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದು ದುಬಾರಿ ಕೆಲಸ. ಅಗ್ಗದ ದಾರಿ ಕಂಡದ್ದು ಆರ್ಚರ್ ಡೇನಿಯಲ್ಸ್ ಮಿಡ್‌ಲ್ಯಾಂಡ್ ಕಂಪನಿಯ ವಿಲಿಯಂ ಅಟ್ಕಿನ್ಸನ್, 1970ರ ಪೇಟೆಂಟಿನಲ್ಲಿ. ಮರುವರ್ಷವೇ ಅಮೆರಿಕದ ಸರಕಾರ ಶಾಲೆಯ ಊಟದ ಮಾಂಸದಲ್ಲಿ ನೆನೆಸಿದ ಸೋಯಾವನ್ನು ನೂರಕ್ಕೆ 30ರವರೆಗೆ ಬೆರೆಸಬಹುದು ಎಂದು ಒಪ್ಪಿಗೆ ಕೊಟ್ಟಿತು.

ಆ ಅಗ್ಗದ ದಾರಿಯ ಯಂತ್ರವನ್ನು ನಾನು ಹುಡುಗಿಯರನ್ನು ಕರೆದುಕೊಂಡು ಹೋಗಿ ಒಂದು ಕಾರ್ಖಾನೆಯಲ್ಲಿ ನೋಡಿದ್ದೇನೆ. ಸೋಯಾಕಾಳು ಒಡೆದು, ಸಿಪ್ಪೆ ತೂರಿ, ಅವಲಕ್ಕಿಯಾಗಿ ತಟ್ಟಿ, ಹೆಕ್ಸೇನ್ ಎಂಬ ದ್ರಾವಕದಲ್ಲಿ ಎಣ್ಣೆ ಎಳೆದು, ಹಬೆ ಹಾಯಿಸಿ ಆ ದ್ರಾವಕವನ್ನು ಓಡಿಸಿ, ಉಳಿದದ್ದನ್ನು ಹಿಟ್ಟು ಮಾಡಿರುತ್ತಾರೆ. ಆ ಹಿಟ್ಟಿಗೆ ನೀರು ಚಿಮುಕಿಸಿ ಉದ್ದನೆಯ ಉಕ್ಕಿನ ಕೊಳವೆಗೆ ಬಿಡುತ್ತಾರೆ. ಒಳಗೆ ತಿರುಪು ತಿರುಗುತ್ತ ಹಿಟ್ಟನ್ನು ಒತ್ತುತ್ತ ಮುಂದಕ್ಕೆ ನೂಕುತ್ತದೆ. ಚಕ್ಕುಲಿ ಒರಳಿನ ಹಾಗೆಯೇ, ಶಾಖ ಮಾತ್ರ ಕುದಿಯುವ ನೀರಿಗಿಂತ ಎಷ್ಟೋ ಹೆಚ್ಚು. ಒತ್ತಡದಲ್ಲಿ ನೀರು ಹಬೆಯಾಗಲು ಜಾಗವಿಲ್ಲದೆ ಒಳಗೇ ಸಿಕ್ಕಿಕೊಂಡಿರುತ್ತದೆ. ಅಚ್ಚಿನ ತೂತು ದಾಟಿದ್ದೇ ತಡ, ಪಟಪಟನೆ ಸಿಡಿದು ಹಬೆಯಾಗುತ್ತದೆ, ಹಿಟ್ಟು ಉಬ್ಬಿ ಒಳಗೆಲ್ಲ ಪದರು ಪದರಾಗಿ ನಾರು ನಾರಾಗಿ ನಿಲ್ಲುತ್ತದೆ. ಚಾಕು ಅದನ್ನು ಕತ್ತರಿಸುತ್ತದೆ. ಆ ಕೋಣೆಯಲ್ಲಿ ಹುರಿದ ಕಾಳಿನ ಬಿಸಿ ವಾಸನೆ. ಮಸಾಲೆಯಿಲ್ಲ, ಉಪ್ಪಿಲ್ಲ.

ಆ ಉಂಡೆಯನ್ನು ರುಚಿ ಮಾಡುವ ಗುಟ್ಟು ಹಿಡಿದವರು ನಮ್ಮ ಅಡುಗೆಯಮ್ಮ. ಉಪ್ಪು ಹಾಕಿದ ನೀರು ಕುದಿಯುವಾಗ ಉಂಡೆ ಹಾಕಿ, ನೊರೆ ಎದ್ದ ಮೇಲೆ ಬಸಿದು, ತಣ್ಣೀರಿಗೆ ಬಿಟ್ಟು, ಅಂಗೈಯಲ್ಲಿ ಹಿಂಡುತ್ತಿದ್ದರು. ಮತ್ತೆ ತಣ್ಣೀರು, ಮತ್ತೆ ಹಿಂಡು. “ಮೇಡಂನೋರೆ, ಎರಡು ಸಲ ಹಿಂಡಲಿಲ್ಲ ಅಂದ್ರೆ ಆ ಹಸಿ ವಾಸನೆ ಹೋಗಲ್ಲ. ಹೆಣ್ಣೈಕ್ಳು ತಟ್ಟೇಲೇ ಬಿಟ್ಟು ಎದ್ದೋಯ್ತವೆ.” ಹಿಂಡಿದ್ದನ್ನು ಒರಳಿನಲ್ಲಿ ಒರಟಾಗಿ ಕುಟ್ಟಿ, ಹುರಿಗಡಲೆ ಹಿಟ್ಟು, ಸೋಂಪು, ಪುದೀನ, ಹಸಿಮೆಣಸಿನಕಾಯಿ ಸೇರಿಸಿ ಕೈಮಾ ಉಂಡೆಯ ಹಾಗೆ ಕಟ್ಟಿ ಸಾರಿಗೆ ಬಿಟ್ಟ ದಿನ ಎರಡು ಪಂಗಡದ ಹುಡುಗಿಯರೂ ಎರಡನೆಯ ಸಲ ಬಡಿಸಿಕೊಂಡರು. ಪಲಾವಿನಲ್ಲಿ ಹೂಳುವ ಕೆಲಸ ಅಲ್ಲಿಗೆ ಮುಗಿಯಿತು.

ಈಗ ಎಲ್ಲರೂ ಕೇಳುವ ಪ್ರಶ್ನೆ: ಇದು ಅತಿಸಂಸ್ಕರಿತವೇ? ಬ್ರೆಜಿಲ್ಲಿನ ಸಾವೊ ಪೌಲೊ ವಿಶ್ವವಿದ್ಯಾನಿಲಯದ ಕಾರ್ಲೊಸ್ ಮೊಂಟೇರೊ 2009ರಿಂದ ಈಚೆಗೆ ಬೆಳೆಸಿದ ‘ನೋವಾ’ ಎಂಬ ವರ್ಗೀಕರಣ ಆಹಾರವನ್ನು ಅದರ ಪೋಷಕಾಂಶದಿಂದ ಅಳೆಯದೆ, ಅದಕ್ಕೆ ಎಷ್ಟು ಕಾರ್ಖಾನೆ ಕೆಲಸ ನಡೆದಿದೆ ಎಂಬುದರಿಂದ ನಾಲ್ಕು ಗುಂಪು ಮಾಡುತ್ತದೆ. ಮನೆಯಲ್ಲಿ ಮಾಡಲಾಗದ ವಿಧಾನಗಳಿಂದ ಕಾಳನ್ನು ಬಿಡಿಬಿಡಿಯಾಗಿಸಿ ಮತ್ತೆ ಜೋಡಿಸಿದ್ದು ನಾಲ್ಕನೆಯ ಗುಂಪು. ಆ ಅಳತೆಯಲ್ಲಿ ಸೋಯಾ ಉಂಡೆಯೂ ಅಲ್ಲಿಗೇ ಬೀಳುತ್ತದೆ, ಚಿಪ್ಸ್ ಮತ್ತು ಬಣ್ಣದ ಶರಬತ್ತಿನ ಜೊತೆಗೆ. ಈ ಗುಂಪಿನ ಮೇಲೆ ಅನುಮಾನ ಪಡಲು ಕಾರಣವಿದೆ. 2019ರಲ್ಲಿ ಅಮೆರಿಕದ ಸಂಶೋಧಕ ಕೆವಿನ್ ಹಾಲ್ 20 ಜನರನ್ನು ಆಸ್ಪತ್ರೆಯಲ್ಲಿಟ್ಟು ಎರಡೆರಡು ವಾರ ಬೇರೆ ಬೇರೆ ಊಟ ಕೊಟ್ಟರು. ಅತಿಸಂಸ್ಕರಿತ ಊಟದ ಸರದಿಯಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ತೂಕವೂ ಏರಿತು.

ಆದರೆ ಸೋಯಾ ಉಂಡೆಯನ್ನು ಯಾರಾದರೂ ಕೈ ತಡೆಯಲಾರದೆ ಪೊಟ್ಟಣ ಖಾಲಿಯಾಗುವವರೆಗೆ ತಿಂದದ್ದನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ. ಅದಕ್ಕೆ ಸಕ್ಕರೆ ಸೇರಿಸಿಲ್ಲ, ಉಪ್ಪು ಸೇರಿಸಿಲ್ಲ, ನೂರು ಗ್ರಾಂಗೆ ಕೊಬ್ಬು ಅರ್ಧ ಗ್ರಾಂ. ಗುಂಪಿನ ಹೆಸರು ನೋಡಿ ಹೆದರುವುದಕ್ಕಿಂತ ಪೊಟ್ಟಣದ ಹಿಂದೆ ಬರೆದದ್ದನ್ನು ಓದುವುದು ಮೇಲು. ಹಸಿ ಸೋಯಾದಲ್ಲಿ ಪ್ರೊಟೀನ್ ಜೀರ್ಣವಾಗದಂತೆ ತಡೆಯುವ ಅಂಶವಿದೆ. ಶಾಖ ಅದನ್ನು ಕೊಲ್ಲುತ್ತದೆ. ಸಂಸ್ಕರಣೆಯೆಲ್ಲ ಕೇಡಲ್ಲ ಎಂಬುದಕ್ಕೆ ಇಷ್ಟು ಸಾಕು.

ಹೊಗಳುವವರ ಲೆಕ್ಕವನ್ನೂ ನಂಬಬೇಡಿ. ಪೊಟ್ಟಣದ ಮೇಲೆ ನೂರಕ್ಕೆ 52 ಪ್ರೊಟೀನ್, ಮಟನ್‌ಗಿಂತ ಎರಡೂವರೆ ಪಟ್ಟು ಎಂದು ಬರೆದಿರುತ್ತದೆ. ಒಣ ಉಂಡೆಯನ್ನು ಹಸಿ ಮಟನ್ ಜೊತೆ ತೂಗಿದ ಲೆಕ್ಕ ಅದು. ನೀರು ಕುಡಿದು ಉಂಡೆ ಮೂರರಷ್ಟು ತೂಕವಾಗುತ್ತದೆ. ತಟ್ಟೆಗೆ ಬಂದ ನೂರು ಗ್ರಾಂನಲ್ಲಿ ಪ್ರೊಟೀನ್ ಹದಿನೈದು ಗ್ರಾಂ ಚಿಲ್ಲರೆ. ಅದೂ ಕಡಿಮೆಯೇನಲ್ಲ. ಬಿ12 ಜೀವಸತ್ವ ಮಾತ್ರ ಸೊನ್ನೆ. ಕಬ್ಬಿಣಾಂಶ ಇದ್ದರೂ ಮಾಂಸದ್ದರಷ್ಟು ಮೈಗೆ ಹತ್ತುವುದಿಲ್ಲ. ಸೋಯಾದಲ್ಲಿ ಕಡಿಮೆಯಿರುವ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ರಾಗಿಯಲ್ಲಿ ಚೆನ್ನಾಗಿದೆ. ಮುದ್ದೆಯ ಜೊತೆ ತಿಂದರೆ ಅದೊಂದು ಕೊರತೆ ನೀಗುತ್ತದೆ.

ಬೆಂಗಳೂರಿನ ದೊಡ್ಡ ಅಂಗಡಿಗಳ ಫ್ರೀಜರಿನಲ್ಲಿರುವ ಹುಸಿ ಮಾಂಸದ ಮಾತೇ ಬೇರೆ. 2016ರಲ್ಲಿ ಅಮೆರಿಕದ ಇಂಪಾಸಿಬಲ್ ಫುಡ್ಸ್ ರಕ್ತದ ಬಣ್ಣ, ರುಚಿ ತರುವ ಹೀಮ್ ಹಾಕಿ ಬರ್ಗರ್ ತಂದಿತು. 2019ರಲ್ಲಿ ಬಿಯಾಂಡ್ ಮೀಟ್ ಕಂಪನಿಯ ಷೇರು 25 ಡಾಲರಿಗೆ ಪೇಟೆಗೆ ಬಂದು ಕೆಲವೇ ತಿಂಗಳಲ್ಲಿ 230 ದಾಟಿ, ಮುಂದೆ ಹತ್ತು ಡಾಲರಿಗಿಂತ ಕೆಳಗೆ ಕುಸಿಯಿತು. ಕುತೂಹಲಕ್ಕೆ ಒಮ್ಮೆ ಕೊಂಡವರಲ್ಲಿ ಹಲವರು ಮತ್ತೆ ಕೊಳ್ಳಲಿಲ್ಲ. ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್‌ನರ್ 2020ರಲ್ಲಿ 36 ಜನರಿಗೆ ಎಂಟು ವಾರ ಇಂಥ ಸಸ್ಯಮಾಂಸ, ಎಂಟು ವಾರ ನಿಜಮಾಂಸ ಕೊಟ್ಟು ನೋಡಿದಾಗ ಸಸ್ಯಮಾಂಸದ ಸರದಿಯಲ್ಲಿ ಕೆಟ್ಟ ಕೊಲೆಸ್ಟರಾಲ್ ತುಸು ಇಳಿದಿತ್ತು. ಅಧ್ಯಯನಕ್ಕೆ ಹಣ ಕೊಟ್ಟದ್ದು ಬಿಯಾಂಡ್ ಮೀಟ್ ಎಂಬುದನ್ನೂ ಅದರ ಪಕ್ಕದಲ್ಲೇ ಇಟ್ಟು ಓದಬೇಕು. ಗೋಮಾಂಸದ ಬರ್ಗರನ್ನು ದಿನಾ ತಿನ್ನುವವನಿಗೆ ಇದು ಲಾಭ. ಹುರುಳಿಸಾರು ತಿನ್ನುವವಳಿಗೆ ಏನು ಲಾಭ?

ಭೂಮಿಯ ಲೆಕ್ಕವೂ ಹಾಗೆಯೇ. 2018ರಲ್ಲಿ ಪೂರ್ ಮತ್ತು ನೆಮೆಚೆಕ್ ಎಂಬ ಸಂಶೋಧಕರು 119 ದೇಶಗಳ ಸುಮಾರು 38,700 ಹೊಲಗಳ ಅಂಕಿಅಂಶ ಕಲೆಹಾಕಿದರು. ನೂರು ಗ್ರಾಂ ಪ್ರೊಟೀನಿಗೆ ಮಾಂಸಕ್ಕೆಂದೇ ಸಾಕಿದ ದನದಿಂದ ಸರಾಸರಿ 50 ಕಿಲೋ ಹಸಿರುಮನೆ ಅನಿಲ, ಕೋಳಿಯಿಂದ 5.7, ಮೊಟ್ಟೆಯಿಂದ 4.2, ತೋಫುವಿನಿಂದ 2, ಬಟಾಣಿಯಿಂದ ಅರ್ಧ ಕಿಲೋಗೂ ಕಡಿಮೆ. ಆ ಅಧ್ಯಯನದ ದನದ ಲೆಕ್ಕವನ್ನು ನಮ್ಮ ಬೋರೆ ಮೇಯುವ ಕುರಿ ಮೇಕೆಗೆ ಹಾಗೇ ಅಂಟಿಸಲಾಗದು. ಬೀದರಿನ ಮಳೆಯಾಶ್ರಿತ ಸೋಯಾವನ್ನು ಅಮೆಜಾನ್ ಕಾಡು ಕಡಿದು ಬೆಳೆದ ಸೋಯಾ ಎನ್ನಲೂ ಆಗದು. ಜಗತ್ತಿನ ಸೋಯಾದಲ್ಲಿ ಮುಕ್ಕಾಲು ಪಾಲು ತಿನ್ನುವುದು ಸಾಕುಪ್ರಾಣಿಗಳು. ಹಿಂಡಿಯನ್ನು ಕೋಳಿಯ ಮೂಲಕ ತಿನ್ನುವ ಬದಲು ನೇರ ತಿಂದರೆ ನೆಲ ಉಳಿಯುತ್ತದೆ, ಅದರಲ್ಲಿ ಸಂಶಯವಿಲ್ಲ. ಯಂತ್ರವೇ ಬೇಡದ ಹುರುಳಿ, ಅವರೆ, ಕಡಲೆ ಅದಕ್ಕಿಂತಲೂ ಹಗುರ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಮಟನ್ ಕಿಲೋಗೆ ಎಂಟುನೂರು ದಾಟಿರುವ ಈ ಕಾಲದಲ್ಲಿ ವಾರಕ್ಕೆ ಒಂದೆರಡು ದಿನ ಸೋಯಾ ಉಂಡೆ ಒಳ್ಳೆಯ ಪದಾರ್ಥವೇ. ಪೊಟ್ಟಣದ ಹಿಂದೆ ಎಣ್ಣೆ ತೆಗೆದ ಸೋಯಾ ಹಿಟ್ಟು ಎಂಬ ಒಂದೇ ಸಾಲಿದ್ದರೆ ಕೊಳ್ಳಿ. ಇಪ್ಪತ್ತು ಸಾಲಿದ್ದರೆ ಮೊದಲು ಉಪ್ಪು ಎಷ್ಟು ನೋಡಿ, ಆಮೇಲೆ ಬೆಲೆ ನೋಡಿ. ಮಾಂಸದ ಬದಲಿಗೆ ಬೇಕಾದರೆ ಬರಲಿ, ಕಾಳಿನ ಬದಲಿಗೆ ಮಾತ್ರ ಬೇಡ.

ಬದಲಿಯ ಮಾತು ಬಂದದ್ದಕ್ಕೆ ಇನ್ನೊಂದು. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾಗಿ, ಮುಂದೆ ರಾಜ್ಯಕ್ಕೆಲ್ಲ ಬಂತು. ಬಹಳ ಒಳ್ಳೆಯ ಕೆಲಸ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ. ಒಂದು ಮೊಟ್ಟೆಯಲ್ಲಿ ಪ್ರೊಟೀನ್ ಆರು ಗ್ರಾಂ, ಒಂದು ಬಾಳೆಹಣ್ಣಿನಲ್ಲಿ ಒಂದು ಗ್ರಾಂ. ಇದು ಬದಲಿ ಹೇಗಾದೀತು? ಮೂವತ್ತು ಗ್ರಾಂ ಕಡಲೆಕಾಳು ನೆನೆಸಿ ಬೇಯಿಸಿ ಒಗ್ಗರಣೆ ಹಾಕಿದರೆ ಸುಮಾರು ಆರು ಗ್ರಾಂ ಸಿಗುತ್ತದೆ. ಇದಕ್ಕೆ ಕಾರ್ಖಾನೆ ಬೇಡ, ಅಡುಗೆಯವರಿಗೆ ಹೊಸ ತರಬೇತಿಯೂ ಬೇಡ. ಬಾಳೆಹಣ್ಣನ್ನು ಬೇಕಾದರೆ ಎಲ್ಲ ಮಕ್ಕಳಿಗೂ ಕೊಡಿ. ಮೊಟ್ಟೆ ತಿನ್ನದ ಮಗುವಿಗೆ ಅದರ ಜೊತೆ ಒಂದು ಬಟ್ಟಲು ಉಸಲಿ ಕೊಡಿ ಎಂದು ಇಲಾಖೆಯವರಲ್ಲಿ ನನ್ನ ಕೋರಿಕೆ.